ಜೂನ್ ಒಂದರಂದು ಹುಟ್ಟಿದ ಹಟ್ಟಿ

ಬೆಳಗಿನ ಆರು ಗಂಟೆ. ಹಿರಿಯೂರು ತಾಲ್ಲೂಕಿನ ಕರೇಕಲ್ ಹಟ್ಟಿಯಲ್ಲಿ ಕುರಿ ರೊಪ್ಪದ ಮುಳ್ಳುಬೇಲಿ ಇನ್ನೂ ತೆಗೆದಿಲ್ಲ. ಒಳಗೆ ಕುರಿಗಳು ಒಂದೇ ಸಮನೆ ಅರಚುತ್ತಿವೆ. ಬೇಲಿಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಐವತ್ತಾರು ವರ್ಷದ ರವೀಂದ್ರ ಮೇಷ್ಟ್ರು ಕುಳಿತಿದ್ದಾರೆ. ತೊಡೆಯ ಮೇಲೆ ನೋಟ್‌ಬುಕ್, ಕಾಲ ಬುಡದಲ್ಲಿ ಒಂದು ಚೀಲ. ಚೀಲದ ತುಂಬ ಹಳೆಯ ಗೋಡೆ ಕ್ಯಾಲೆಂಡರುಗಳು. ಎದುರಿಗೆ ರೇಣುಕಮ್ಮ ಮರಿಯೊಂದನ್ನು ತಾಯಿ ಕುರಿಯ ಕೆಚ್ಚಲಿಗೆ ಬಿಡುತ್ತಾ ನಿಂತಿದ್ದಾರೆ. ಅವರ ಮಗಳು ಅನುಷಾಗೆ ನಾಲ್ಕೋ ಐದೋ ಆರೋ ವರ್ಷ. ಅವಳು ಯಾವತ್ತು ಹುಟ್ಟಿದಳು ಎನ್ನುವುದು ಇವತ್ತು ಇತ್ಯರ್ಥವಾಗಬೇಕಿದೆ.

"ಆಗ ಎಲ್ಲಿದ್ರಿ ನೀವು?"

"ದಾವಣಗೆರೆ ಕಡೆ, ನಾಲೆ ಬಯಲಾಗೆ. ಮಂದೆ ಹೊಡ್ಕಂಡು ಹೋಗಿದ್ವಲ್ಲ."

"ಭತ್ತ ನಿಂತಿತ್ತೋ, ಕೊಯ್ದಿತ್ತೋ?"

"ಕೊಯ್ದಾಗಿತ್ತು. ಆ ಗದ್ದೆಯಾಗೇ ನಮ್ಮ ಕುರಿ ಬಿಟ್ಟಿದ್ದು."

"ಬೆಳದಿಂಗಳಿತ್ತಾ?"

"ಎಲ್ಲಿ ಬೆಳದಿಂಗಳು. ಕಗ್ಗತ್ತಲು. ನಮ್ಮತ್ತೆ ಮೊಬೈಲ್ ಬೆಳಕಾಗೆ ಹೆರಿಗೆ ಮಾಡ್ಸಿದ್ದು. ಮಾರನೇ ದಿನ ಗದ್ದೆ ಗೌಡ್ರ ಮನೆಯಿಂದ ಎಳ್ಳುಬೆಲ್ಲ ಬಂತು. ಬಾಣಂತಿಗೆ ಬ್ಯಾಡ ಅಂತ ನನಗೊಂದು ಕಾಳೂ ಕೊಡ್ಲಿಲ್ಲ ನೋಡ್ರಿ."

ಆ ಕೊರಗು ಆಕೆಯ ದನಿಯಲ್ಲಿ ಇನ್ನೂ ಇದೆ. ಮೇಷ್ಟ್ರು ಬರೆಯುವುದನ್ನು ನಿಲ್ಲಿಸುತ್ತಾರೆ. ಎಳ್ಳುಬೆಲ್ಲ ಬಂತೆಂದರೆ ಸಂಕ್ರಾಂತಿ. ಕಗ್ಗತ್ತಲೆಂದರೆ ಅಮಾವಾಸ್ಯೆಯ ಆಸುಪಾಸು. ಊರಿಗೆಲ್ಲ ಬೀಗ ಬಿದ್ದ ವರ್ಷ ಕಳೆದು ಬಂದ ಸಂಕ್ರಾಂತಿಯೋ, ಅದಕ್ಕೂ ಮೊದಲಿನದೋ ಎಂದು ಕೇಳುತ್ತಾರೆ. ಆಮೇಲಿನದೇ, ಗೌಡರ ಮನೆಯವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರದಿಂದಲೇ ಮಾತಾಡಿಸುತ್ತಿದ್ದರು ಎಂದು ರೇಣುಕಮ್ಮ ನೆನಪಿಸಿಕೊಳ್ಳುತ್ತಾರೆ. ಚೀಲದಿಂದ 2021ರ ಕ್ಯಾಲೆಂಡರ್ ಹೊರಬರುತ್ತದೆ. ಜನವರಿ 13, ಅಮಾವಾಸ್ಯೆ. ಮಾರನೇ ದಿನ ಸಂಕ್ರಾಂತಿ.

"ಹನ್ನೆಲ್ಡು ವರ್ಷ ಸಂಸಾರ ಮಾಡಿದ ನಮ್ಮ ಯಜಮಾನ್ರೇ ಇಷ್ಟು ಕೇಳಿಲ್ಲ ಮೇಷ್ಟ್ರೇ," ಎಂದು ರೇಣುಕಮ್ಮ ನಗುತ್ತಾರೆ. ಆಚೆ ಗುಡಿಸಲ ಬಾಗಿಲಲ್ಲಿ ಕುಳಿತ ಸೂಲಗಿತ್ತಿ ಓಬವ್ವ ಅಲ್ಲಿಂದಲೇ ಕೂಗಿ ಹೇಳುತ್ತಾರೆ: "ಬಿಡವ್ವ, ಇನ್ನೊಂದೆಲ್ಡು ವರ್ಷಕ್ಕೆ ನನ್ನ ಕೆಲ್ಸಾನೂ ಅವ್ರೇ ಕಲ್ತ್ಕಂತಾರೆ."

ಮೇಷ್ಟ್ರೂ ನಗುತ್ತಾರೆ. ಬೆರಳು ಮಡಚಿ ಎಣಿಸಿದ ಮೇಲೆ ಆ ನಗು ನಿಲ್ಲುತ್ತದೆ. ನಾಲ್ಕು ವರ್ಷ ಐದು ತಿಂಗಳು. ಒಂದನೇ ತರಗತಿಗೆ ಸೇರಬೇಕಾದರೆ ಅನುಷಾ ಇನ್ನೂ ವರ್ಷಕ್ಕಿಂತ ಹೆಚ್ಚು ಕಾಯಬೇಕು. ಶಾಲೆಗೆ ಮಾತ್ರ ಅಷ್ಟು ಕಾಯುವ ಪುರುಸೊತ್ತಿಲ್ಲ. ಅಲ್ಲಿರುವುದು ಒಂಬತ್ತು ಮಕ್ಕಳು. ಹತ್ತು ತುಂಬದ ಶಾಲೆಯನ್ನು ನಾಲ್ಕು ಕಿಲೋಮೀಟರ್ ಆಚೆಯ ದೊಡ್ಡ ಶಾಲೆಗೆ ಸೇರಿಸಿಬಿಡುವ ಮಾತು ಪ್ರತಿ ಜೂನ್‌ನಲ್ಲೂ ಬರುತ್ತದೆ. ಈ ಸಲ ಅದು ಬರಹದಲ್ಲೇ ಬಂದಿದೆ. ಮಕ್ಕಳ ಸಂಖ್ಯೆಯನ್ನು ಇವತ್ತು ಸಂಜೆಯೊಳಗೆ ಕಳಿಸಬೇಕು.

ರವೀಂದ್ರ ಹುಟ್ಟಿದ್ದು ತುರುವನೂರಿನಲ್ಲಿ. ಅಪ್ಪ ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದವರು. ಚಿತ್ರದುರ್ಗದಲ್ಲಿ ಶಿಕ್ಷಕ ತರಬೇತಿ ಮುಗಿಸಿ, ನಾಲ್ಕು ವರ್ಷ ಹೋಟೆಲ್ ಒಂದರ ಗಲ್ಲಾದಲ್ಲಿ ಕುಳಿತು, 2001ರಲ್ಲಿ ಈ ಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಗೆ ಬಂದರು. ಮೊದಲ ಆರು ವರ್ಷ ಹಟ್ಟಿಯಲ್ಲೇ ವಾಸ. ಈಗ ಹಿರಿಯೂರಿನಿಂದ ದಿನಾ ಇಪ್ಪತ್ತನಾಲ್ಕು ಕಿಲೋಮೀಟರ್ ಬೈಕು. ಎರಡು ಸಲ ವರ್ಗಾವಣೆ ಕೇಳುವ ಅವಕಾಶ ಬಂದಾಗಲೂ ಕೇಳಲಿಲ್ಲ. ಐದು ತರಗತಿಗೆ ಒಬ್ಬರೇ ಮೇಷ್ಟ್ರು, ಒಂದೂವರೆ ಕೋಣೆ, ಬಿಸಿಯೂಟ ಬೇಯಿಸಲು ಬರಗೇರಮ್ಮ. ಶಾಲೆಯೆಂದರೆ ಇಷ್ಟೇ.

ಬಂದ ಹೊಸತರಲ್ಲಿ ಇಲ್ಲಿಯ ಮಕ್ಕಳಿಗೆ ಮಗ್ಗಿ ಹತ್ತುತ್ತಿರಲಿಲ್ಲ. ಒಂದು ದಿನ ಸಂಜೆ ರೊಪ್ಪದ ಬಾಯಲ್ಲಿ ನಿಂತು ನೋಡಿದರೆ, ಮೂರನೇ ತರಗತಿಯ ಹುಡುಗಿಯೊಬ್ಬಳು ಒಳಗೆ ನುಗ್ಗುತ್ತಿದ್ದ ಕುರಿಗಳನ್ನು ಜೊತೆ ಜೊತೆಯಾಗಿ ಎಣಿಸಿ, ನೂರಾ ಎಪ್ಪತ್ತೆರಡರಲ್ಲಿ ಒಂದು ಕಡಿಮೆ ಇದೆ ಎಂದು ಕ್ಷಣದಲ್ಲಿ ಹೇಳಿದಳು. ಮಾರನೇ ದಿನದಿಂದ ಎರಡರ ಮಗ್ಗಿ ರೊಪ್ಪದ ಬಾಯಲ್ಲೇ ನಡೆಯಿತು. "ಮಕ್ಕಳಿಗೆ ಗೊತ್ತಿಲ್ಲ ಅಂತ ನಾವು ತಿಳ್ಕೊಂಡಿರ್ತೀವಿ. ಅವರಿಗೆ ಏನು ಗೊತ್ತು ಅನ್ನೋದು ನಮಗೇ ಗೊತ್ತಿರಲ್ಲ," ಎನ್ನುತ್ತಾರೆ ಮೇಷ್ಟ್ರು. ದೀಪಾವಳಿ ಕಳೆದು ಮಂದೆಯ ಜೊತೆ ಹೊರಡುವ ಮಕ್ಕಳ ಚೀಲದಲ್ಲಿ ಅವರು ನಾಲ್ಕು ತಿಂಗಳಿಗಾಗುವಷ್ಟು ಲೆಕ್ಕ ಬರೆದು ಕಳಿಸುತ್ತಾರೆ. ವಾರಕ್ಕೊಂದು ಸಲ ಫೋನಿನಲ್ಲಿ ಉತ್ತರ ಕೇಳುತ್ತಾರೆ.

ಇಪ್ಪತ್ನಾಲ್ಕು ವರ್ಷದಲ್ಲಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವರು ಬರೆದ ಹೆಸರುಗಳು ಎಂಬತ್ತೆರಡು. ಅದರಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಮೂವತ್ತಾರು. ಇಬ್ಬರು ಪೊಲೀಸರು, ಒಬ್ಬ ಲೈನ್‌ಮನ್, ಮೂವರು ನರ್ಸುಗಳು, ಒಬ್ಬ ಮೇಷ್ಟ್ರು. ಈ ಅಂಕಿಗಳನ್ನು ಅವರ ಬಾಯಿಂದ ತೆಗೆಯಬೇಕಾದರೆ ಎರಡು ಮೂರು ಸಲ ಕೇಳಬೇಕು. ಕೇಳದೆಯೇ ಹೇಳುವ ಅಂಕಿ ಬೇರೆಯೇ ಇದೆ. ಎಂಬತ್ತೆರಡು ಮಕ್ಕಳಲ್ಲಿ ಐವತ್ತೊಂದು ಮಂದಿ ಹುಟ್ಟಿದ್ದು ಜೂನ್ ಒಂದನೇ ತಾರೀಖು.

ಅದು ಹೇಗೆಂದು ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಹೇಳಬೇಕಿಲ್ಲ. ಹೆತ್ತವರಿಗೆ ತಾರೀಖು ನೆನಪಿರುತ್ತಿರಲಿಲ್ಲ. ಶಾಲೆ ತೆರೆಯುವುದು ಜೂನ್‌ನಲ್ಲಿ. ಮೇಷ್ಟ್ರಾದವರು ಮಗುವಿನ ಕೈಯನ್ನು ತಲೆಯ ಮೇಲಿಂದ ಬಳಸಿ, ಆಚೆ ಕಿವಿ ಮುಟ್ಟುತ್ತದೆಯೇ ನೋಡಿ, ಮುಟ್ಟಿದರೆ ಆರು ವರ್ಷ ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಬರೆಯುತ್ತಿದ್ದರು. ರವೀಂದ್ರ ಅವರ ಜನ್ಮದಿನವನ್ನೂ ತುರುವನೂರಿನ ಮೇಷ್ಟ್ರೊಬ್ಬರು ಹೀಗೆಯೇ ಬರೆದಿದ್ದಾರೆ. ಓಬವ್ವನಿಗೆ ಈ ಸಂಗತಿ ತಿಳಿದಾಗ ಅಜ್ಜಿ ಕೇಳಿದ್ದು ಒಂದೇ ಮಾತು: "ಅಷ್ಟೂ ಹೆರಿಗೆ ಒಂದೇ ದಿನ ಆಗಿದ್ರೆ ನನ್ನ ಕೈ ಉಳೀತಿತ್ತೇನಪ್ಪ?"

ಹೀಗೆ ನಗುತ್ತಾ ಬರೆದ ಒಂದು ತಾರೀಖಿನ ಬಗ್ಗೆ ಮಾತು ಬಂದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ತೊಡಗುತ್ತಾರೆ.

2010ರ ಜೂನ್. ಆಗಲೂ ಶಾಲೆಯಲ್ಲಿ ಒಂಬತ್ತೇ ಮಕ್ಕಳು. ಮಾರಪ್ಪನ ಮಗಳು ಸುಚಿತ್ರಾ ಅಣ್ಣನ ಅಂಗಿ ಹಿಡಿದುಕೊಂಡು ದಿನಾ ಬಂದು ಬಾಗಿಲಲ್ಲಿ ಕೂರುತ್ತಿದ್ದಳು. ಇನ್ನೂ ನಾಲ್ಕು ವರ್ಷ ಮೂರು ತಿಂಗಳ ಕೂಸು. ಕೈ ಕಿವಿಗೆ ಮುಟ್ಟುತ್ತಿರಲಿಲ್ಲ. ಆದರೆ ಅಣ್ಣನಿಗೆ ಬಾರದ ಪದ್ಯ ಅವಳಿಗೆ ಬರುತ್ತಿತ್ತು. ಮೇಷ್ಟ್ರು 1-6-2004 ಎಂದು ಬರೆದರು. ಪುಸ್ತಕದಲ್ಲಿ ಅವಳಿಗೆ ಆರು ತುಂಬಿತು, ಶಾಲೆಗೆ ಹತ್ತು ತುಂಬಿತು. ಆ ವರ್ಷ ಶಾಲೆ ಉಳಿಯಿತು. ಹಟ್ಟಿಯವರು ಮೇಷ್ಟ್ರ ಮನೆಗೆ ಒಂದು ಟಗರು ಮರಿ ತಂದರು. ಅದನ್ನು ವಾಪಸ್ ಕಳಿಸಿದ್ದಷ್ಟೇ ತಾನು ಅವತ್ತು ಮಾಡಿದ ಸರಿಯಾದ ಕೆಲಸ ಎನ್ನುತ್ತಾರೆ ಅವರು.

ಸುಚಿತ್ರಾ ಎಲ್ಲ ತರಗತಿಯಲ್ಲೂ ಎಲ್ಲರಿಗಿಂತ ಚಿಕ್ಕವಳಾಗಿ, ಎಲ್ಲರಿಗಿಂತ ಮುಂದಿದ್ದಳು. ನರ್ಸಿಂಗ್ ಓದುವ ಆಸೆ. ಪಿಯುಸಿ ಪರೀಕ್ಷೆ ಬರೆದು ಹಟ್ಟಿಗೆ ಬಂದಾಗ 2022ರ ಮೇ ತಿಂಗಳು. ಅಷ್ಟರಲ್ಲಿ ಬಿ.ದುರ್ಗದ ಕಡೆಯಿಂದ ಗಂಡು ಗೊತ್ತಾಗಿತ್ತು.

ಮಾರಪ್ಪ ಕಾನೂನು ಮುರಿಯುವ ಮನುಷ್ಯನಲ್ಲ. ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬುವ ಮೊದಲು ಮದುವೆ ಮಾಡಬೇಡಿ ಎಂದು ರವೀಂದ್ರ ಮೇಷ್ಟ್ರು ಇಪ್ಪತ್ತು ವರ್ಷ ಮನೆ ಮನೆಗೆ ಹೋಗಿ ಹೇಳಿದ್ದಾರೆ. ಹಟ್ಟಿಯಲ್ಲಿ ಆ ಮಾತನ್ನು ಮೊದಲು ಒಪ್ಪಿದವರೇ ಮಾರಪ್ಪ. ಲಗ್ನಪತ್ರಿಕೆ ಹಿಡಿದು ಶಾಲೆಗೆ ಬಂದ ಅವರ ಮುಖದಲ್ಲಿ ಹೆಮ್ಮೆಯಿತ್ತು. "ನೀವು ಹೇಳ್ದಂಗೇ ಕಾದೀನಿ ಮೇಷ್ಟ್ರೇ. ಜೂನ್ ಒಂದಕ್ಕೆ ಹದಿನೆಂಟು ತುಂಬ್ತು. ಹನ್ನೆಲ್ಡಕ್ಕೆ ಮದುವೆ ಇಟ್ಕಂಡೀನಿ. ಬರ್ಬೇಕು ನೀವು."

"ಇನ್ನೂ ಓದೋ ಹುಡುಗಿ ಕಣಪ್ಪ," ಎಂದರಂತೆ ಮೇಷ್ಟ್ರು. ಅದು ಸುಳ್ಳು ತಾರೀಖು, ಆಕೆಗೆ ಈಗ ಹದಿನಾರು ಎಂದು ಮಾತ್ರ ಹೇಳಲಿಲ್ಲ.

ಸುಚಿತ್ರಾ ಸುಮ್ಮನಿರಲಿಲ್ಲ. ತಾನು ಹುಟ್ಟಿದ್ದು ಯಾವಾಗೆಂದು ಓಬವ್ವನನ್ನು ಕೇಳಿ ತಿಳಿದುಕೊಂಡಳು. ಅಜ್ಜಿಗೆ ಚೆನ್ನಾಗಿ ನೆನಪಿತ್ತು: ಶಿವರಾತ್ರಿ ದಿನ, ಉಪವಾಸ ಬಿಡುವ ಮೊದಲೇ ಹೆರಿಗೆ, ಹಟ್ಟಿಗೆ ಕರೆಂಟು ಬಂದ ವರ್ಷ. ಹುಡುಗಿ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಮದುವೆಗೆ ಮೂರು ದಿನವಿರುವಾಗ ಜೀಪಿನಲ್ಲಿ ಅಧಿಕಾರಿಗಳು ಬಂದರು. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿದರು. ಶಿವರಾತ್ರಿಯ ಮಾತು ಕಾಗದವಾಗುವುದಿಲ್ಲವಲ್ಲ. ಅಂಕಪಟ್ಟಿ ನೋಡಿದರು. ಕೊನೆಗೆ, ಮೂಲ ದಾಖಲೆ ಬರೆದವರನ್ನೇ ಕೇಳೋಣವೆಂದು ರವೀಂದ್ರ ಮೇಷ್ಟ್ರಿಗೆ ಫೋನ್ ಹಚ್ಚಿದರು.

ಮೇಷ್ಟ್ರು ಅವತ್ತು ಹಿರಿಯೂರಿನಲ್ಲಿ ಪಠ್ಯಪುಸ್ತಕ ತರಲು ಸಾಲಿನಲ್ಲಿ ನಿಂತಿದ್ದರು. ಈ ಹುಟ್ಟಿದ ತಾರೀಖು ಖಚಿತವೇ ಎಂದು ಆ ಕಡೆಯ ಹೆಣ್ಣುಮಗಳು ಕೇಳಿದರು. ಸುಳ್ಳು ದಾಖಲೆ, ವಿಚಾರಣೆ, ಅಮಾನತು, ಮಗನ ಓದು ಎಲ್ಲವೂ ಒಂದೇ ಉಸಿರಿನಲ್ಲಿ ಕಣ್ಣೆದುರು ಬಂದವು.

"ದಾಖಲೇಲಿ ಇರೋದೇ ಖಚಿತ ಮೇಡಂ ಅಂದೆ. ಅಷ್ಟೇ. ಅರ್ಧ ನಿಮಿಷವೂ ಹಿಡೀಲಿಲ್ಲ," ಎನ್ನುತ್ತಾರೆ ಮೇಷ್ಟ್ರು. "2010ರಲ್ಲಿ ಬರೆದಿದ್ದು ದಡ್ಡತನ. ಎಲ್ಲರೂ ಬರೀತಿದ್ರು, ನಾನೂ ಬರೆದೆ. ಫೋನಲ್ಲಿ ಹೇಳಿದ್ದು ದಡ್ಡತನ ಅಲ್ಲ. ಗೊತ್ತಿದ್ದೂ ಹೇಳಿದ್ದು."

ಜೀಪು ಹೊರಟುಹೋಯಿತು. ಹನ್ನೆರಡನೇ ತಾರೀಖು ಮದುವೆಯಾಯಿತು. ಮೇಷ್ಟ್ರು ಹೋಗಲಿಲ್ಲ. ಆರು ದಿನ ಕಳೆದು ಪಿಯುಸಿ ಫಲಿತಾಂಶ ಬಂತು. ಸುಚಿತ್ರಾಗೆ ಶೇಕಡಾ ಎಂಬತ್ತೊಂದು.

ಜುಲೈ ಕೊನೆಯಲ್ಲಿ ಅವರು ಮೇಲಧಿಕಾರಿಗಳಿಗೆ ಪತ್ರ ಬರೆದರು. ಈ ತಾರೀಖನ್ನು ನಾನು ತಿಳಿದೇ ತಪ್ಪಾಗಿ ಬರೆದೆ, ವಿಚಾರಿಸಿದಾಗಲೂ ಮುಚ್ಚಿಟ್ಟೆ ಎಂದು. ಜೊತೆಯ ಶಿಕ್ಷಕರೊಬ್ಬರು ಆ ಪತ್ರ ಕೊಡದಂತೆ ಕೈ ಹಿಡಿದಿದ್ದರು. "ಲೇ ರವೀಂದ್ರ, ತಾಲ್ಲೂಕಿನಾಗೆ ಜೂನ್ ಒಂದು ಬರೀದಿರೋ ಮೇಷ್ಟ್ರು ಯಾರವ್ರೆ? ನೀನೊಬ್ಬ ಹರಿಶ್ಚಂದ್ರ ಆಗಾಕೆ ಹೋಗಿ ಎಲ್ಲರ ಕುತ್ತಿಗೆಗೆ ತರ್ತೀಯ." ಪತ್ರ ಹೋಯಿತು. ನೋಟಿಸು ಬಂತು, ಉತ್ತರ ಹೋಯಿತು, ಎಚ್ಚರಿಕೆ ಕೊಟ್ಟು ಕಡತ ಮುಚ್ಚಿದರು. ಕೆಲಸ ಹೋಗಲಿಲ್ಲ. ಯಾವುದಕ್ಕೆ ಅಷ್ಟು ಹೆದರಿದ್ದರೋ ಅದು ಇಷ್ಟೇ ಆಗಿತ್ತು. ಆರು ವಾರ ತಡವಾದ ಸತ್ಯದಿಂದ ಸುಚಿತ್ರಾಗೆ ಮಾತ್ರ ಏನೂ ಆಗಲಿಲ್ಲ.

ಅವಳನ್ನು ನೋಡಲು ಅವರು ಒಂದೇ ಸಲ ಹೋಗಿದ್ದಾರೆ. ಬಿ.ದುರ್ಗದ ಹತ್ತಿರದ ಹಳ್ಳಿ. ಅಂಗಳದಲ್ಲಿ ಮೆಕ್ಕೆಜೋಳ ಬಿಡಿಸುತ್ತಾ ಕುಳಿತಿದ್ದವಳು ಎದ್ದು ಸೆರಗು ಸರಿಮಾಡಿಕೊಂಡು, "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ," ಎಂದಳು. ನೀರು ಕೊಟ್ಟಳು, ಚಹಾ ಕೊಟ್ಟಳು. ಗಂಡ ಕೆಟ್ಟವನಲ್ಲ ಎಂದಳು. ಮುಂದೆ ಓದುವ ಮಾತು ಎತ್ತಿದರೆ ಅತ್ತೆಮನೆಯವರು ನಗುತ್ತಾರೆ ಎಂದಳು. ಮೇಷ್ಟ್ರು ಕ್ಷಮೆ ಕೇಳಲು ಬಾಯಿ ತೆರೆದಾಗ ಅವಳೇ ತಡೆದಳು.

"ನೀವು ತಾರೀಖು ಬರ್ದಿದ್ದಕ್ಕೆ ನನಗೆ ಸಿಟ್ಟಿಲ್ಲ ಮೇಷ್ಟ್ರೇ. ಬರೀದಿದ್ರೆ ಸ್ಕೂಲೂ ಇರ್ತಿರ್ಲಿಲ್ಲ, ನಾನೂ ಓದ್ತಿರ್ಲಿಲ್ಲ. ಆದ್ರೆ ಅವತ್ತು ಆ ಮೇಡಂ ಸ್ಪೀಕರ್ ಹಾಕಿದ್ರು. ನಾನು ಪಕ್ಕದಾಗೇ ನಿಂತಿದ್ದೆ. ನಮ್ಮ ಮೇಷ್ಟ್ರು ಹೇಳ್ತಾರೆ ನೋಡ್ರಿ ಅಂತ ಅವ್ರಿಗೆ ಹೇಳಿದ್ದೆ."

ಬರುವಾಗ ಹೊಳಲ್ಕೆರೆ ದಾಟುವವರೆಗೆ ಬೈಕು ಹೇಗೆ ಓಡಿಸಿದೆನೋ ನೆನಪಿಲ್ಲ ಎನ್ನುತ್ತಾರೆ ಮೇಷ್ಟ್ರು.

ಆ ವರ್ಷದಿಂದ ಶುರುವಾದದ್ದು ಈ ಕ್ಯಾಲೆಂಡರ್ ಚೀಲ. ಆಸ್ಪತ್ರೆಯ ಕಾಗದವಿರುವ ಮಕ್ಕಳದು ಸುಲಭ. ಮಂದೆಯ ಜೊತೆ ಹೋದಾಗ ಹೊಲ ಗದ್ದೆಗಳಲ್ಲಿ ಹುಟ್ಟಿದ ಮಕ್ಕಳದ್ದೇ ಕಷ್ಟ. ಅಂಥವರ ಮನೆಗೆ ಕುರಿ ಹೊರಡುವ ಮೊದಲೇ ಹೋಗಿ ಕೂರುತ್ತಾರೆ. ಏನು ಬೆಳೆ ಇತ್ತು, ಉಣ್ಣೆ ಕತ್ತರಿಸಿ ಎಷ್ಟು ದಿನವಾಗಿತ್ತು, ಚಂದ್ರ ಎಲ್ಲಿದ್ದ, ಯಾವ ಹಬ್ಬದ ಊಟ ತಪ್ಪಿತು ಎಂದು ಕೇಳುತ್ತಾರೆ. ಊಟ ತಪ್ಪಿದ್ದನ್ನು ಯಾವ ಬಾಣಂತಿಯೂ ಮರೆಯುವುದಿಲ್ಲ ಎನ್ನುವುದು ಅವರ ಅನುಭವ. ತಾರೀಖು ಗೊತ್ತಾದ ಮೇಲೆ ತಂದೆಯನ್ನು ಕಚೇರಿಗೆ ಕರೆದೊಯ್ದು ಜನನ ಪತ್ರಕ್ಕೆ ಅರ್ಜಿ ಹಾಕಿಸುತ್ತಾರೆ. ಮೂರು ವರ್ಷದಲ್ಲಿ ಹದಿನೇಳು ಮಕ್ಕಳಿಗೆ ಪತ್ರ ಬಂದಿದೆ. ಹುಟ್ಟಿದ ದಿನ ಹದಿನೇಳೂ ಬೇರೆ ಬೇರೆ.

ಕಳೆದ ವರ್ಷ ಚಿತ್ರದುರ್ಗದಲ್ಲಿ ನಡೆದ ತರಬೇತಿಯಲ್ಲಿ, ಉತ್ತಮ ಶಿಕ್ಷಕನ ಗುಣಗಳನ್ನು ಬರೆಯಿರಿ ಎಂದು ಎಲ್ಲರಿಗೂ ಹಾಳೆ ಹಂಚಿದ್ದರು. ಸಮಯಪಾಲನೆ, ಪೂರ್ವತಯಾರಿ, ಮಕ್ಕಳ ಮೇಲೆ ಪ್ರೀತಿ ಎಂದು ಅಕ್ಕಪಕ್ಕದವರು ಹಾಳೆ ತುಂಬಿಸಿದರು. ರವೀಂದ್ರ ಬರೆದದ್ದು ಒಂದು ಸಾಲು: ತಾನು ಬರೆದದ್ದು ತಪ್ಪಾಗಿದ್ದರೆ, ಕೇಳಿದ ದಿನವೇ ಹಾಗೆಂದು ಹೇಳುವವನು. ಅದೇ ವರ್ಷ ಶಿಕ್ಷಕರ ದಿನದ ಪ್ರಶಸ್ತಿಗೆ ಅರ್ಜಿ ಹಾಕಲು ಯಾರೋ ನಮೂನೆ ತಂದುಕೊಟ್ಟಿದ್ದರು. ಅದನ್ನು ಖಾಲಿಯಾಗಿಯೇ ವಾಪಸ್ ಕೊಟ್ಟರು.

ಇವತ್ತು ಹನ್ನೊಂದು ಗಂಟೆಗೆ ಶಾಲೆಯ ಜಗುಲಿಯಲ್ಲಿ ನಾಲ್ಕು ಜನ ಸೇರಿದ್ದಾರೆ. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಮಂಜಣ್ಣ, ಅನುಷಾಳ ತಂದೆ ಚಿತ್ರಲಿಂಗಪ್ಪ, ಅಡುಗೆಯ ಬರಗೇರಮ್ಮ ಮತ್ತು ಮೇಷ್ಟ್ರು. ಒಳಗೆ ಒಂಬತ್ತು ಮಕ್ಕಳು ಕಾಪಿ ಬರೆಯುತ್ತಿದ್ದಾರೆ. ಅನುಷಾ ಬಾಗಿಲಲ್ಲಿ ಕುಳಿತು ಅವರನ್ನು ನೋಡುತ್ತಿದ್ದಾಳೆ.

"ಎಲ್ಡು ವರ್ಷ ಹಿಂದಕ್ಕೆ ಹಾಕಿದ್ರೆ ಏನ್ ಹೋಗ್ತದೆ ಮೇಷ್ಟ್ರೇ?" ಎನ್ನುತ್ತಾರೆ ಮಂಜಣ್ಣ. "ನಂದೂ ಜೂನ್ ಒಂದೇ. ನಾನೇನು ಸತ್ತೀನಾ?"

"ನೀವು ಗಂಡಸು. ನಿಮ್ಮ ತಾರೀಖು ನೋಡಿ ಯಾರು ಮದುವೆ ಮಾಡಿದ್ರು?"

"ಶಾಲೆ ಮುಚ್ಚಿದ್ರೆ ಈ ಮಕ್ಳು ನಾಕು ಕಿಲೋಮೀಟ್ರು ನಡೀತಾವಾ? ಗಂಡು ನಡೀತಾವೆ. ಹೆಣ್ಣು ಹುಡ್ಗೀರ್ನ ಯಾರೂ ಕಳ್ಸಲ್ಲ. ಅವು ಕುರಿ ಹಿಂದೆ ಹೋಗ್ತವೆ. ಅದನ್ನ ಯಾವ ಕ್ಯಾಲೆಂಡರ್‌ನಾಗೆ ಬರ್ಕಂತೀರಿ?"

ಒಂಬತ್ತರಲ್ಲಿ ಐದು ಹೆಣ್ಣುಮಕ್ಕಳು. ಮಂಜಣ್ಣ ಹೇಳುವುದು ನಿಜವೆಂದು ಮೇಷ್ಟ್ರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು.

"ನೀವು ಹೇಳೋದು ಸರಿ ಐತೆ ಮಂಜಣ್ಣ. ನಾಳೆಯಿಂದ್ಲೇ ಓಡಾಡಾಣ. ಬಿಇಒ ಹತ್ರ ಹೋಗಾಣ, ಡಿಡಿಪಿಐ ಹತ್ರ ಹೋಗಾಣ. ಒಂಬತ್ತೇ ಇದ್ರೂ ಯಾಕೆ ಉಳಿಸ್ಬೇಕು ಅಂತ ಕಾಲಿಗೆ ಬಿದ್ದು ಹೇಳ್ತೀನಿ. ಆದ್ರೆ ಹತ್ತು ಅಂತ ಬರೆಯಲ್ಲ."

"ಒಂದ್ಸಲ ಬರ್ದಿದ್ರಲ್ಲ," ಎನ್ನುತ್ತಾರೆ ಚಿತ್ರಲಿಂಗಪ್ಪ. ದನಿಯಲ್ಲಿ ಕೊಂಕಿದೆ. "ಮಾರಪ್ಪನ ಮಗಳಿಗೊಂದು ನ್ಯಾಯ, ನನ್ನ ಮಗಳಿಗೊಂದು?"

"ಹೂಂ ಕಣಪ್ಪ. ಅದಕ್ಕೇ."

ಶಾಲೆ ಹೋದರೆ ಮೊದಲು ಕೆಲಸ ಕಳೆದುಕೊಳ್ಳುವವರು ಬರಗೇರಮ್ಮ. ಸೌಟು ಹಿಡಿದು ನಿಂತಿದ್ದವರು ಕೊನೆಗೆ, "ಶಾಲೆ ಮುಚ್ಚಿದ್ರೆ ನಾನು ಹಿರಿಯೂರಿಗೆ ಬಂದು ನಿಮ್ಮ ಮನೆಯಾಗೇ ಅಡುಗೆಗೆ ನಿಂತ್ಕಂತೀನಿ. ಮನೆಯಮ್ಮಾರಿಗೆ ಈಗ್ಲೇ ಹೇಳಿಡ್ರಿ," ಎಂದು ಒಳಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅನುಷಾಗೂ ಒಂದು ತಟ್ಟೆ ಅನ್ನ ಸಾರು ಹೊರಗೆ ಬರುತ್ತದೆ.

ನಾಲ್ಕು ಗಂಟೆಗೆ ಮೇಷ್ಟ್ರು ನಮೂನೆ ತುಂಬುತ್ತಾರೆ. ಒಟ್ಟು ಮಕ್ಕಳು: ಒಂಬತ್ತು. ಸಹಿ ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾರೆ. ಗೆದ್ದ ಮುಖವಲ್ಲ ಅದು. ಆಗಸ್ಟಿನೊಳಗೆ ಆದೇಶ ಬರಬಹುದು, ಬರದೆಯೂ ಇರಬಹುದು. ಬಂದರೆ ಐದು ಹೆಣ್ಣುಮಕ್ಕಳ ಮನೆಗೆ ದಿನಾ ಹೋಗಿ, ಅವರನ್ನು ದೊಡ್ಡ ಶಾಲೆಗೆ ನಡೆಸಿಕೊಂಡು ಹೋಗುವುದು ಹೇಗೆಂದು ಅವರು ಈಗಾಗಲೇ ಲೆಕ್ಕ ಹಾಕುತ್ತಿದ್ದಾರೆ. ಅದೂ ಎಷ್ಟು ದಿನ ಸಾಧ್ಯವೋ ತಿಳಿಯದು.

ಆಮೇಲೆ ನೋಟ್‌ಬುಕ್ಕಿನ ಬೇರೊಂದು ಹಾಳೆಯಲ್ಲಿ, ಮುಂದೆ ಸೇರಬೇಕಾದ ಮಕ್ಕಳು ಎಂಬ ತಲೆಬರಹದ ಕೆಳಗೆ ಅನುಷಾಳ ಹೆಸರು ಬರೆಯುತ್ತಾರೆ. ಪಕ್ಕದಲ್ಲಿ 13-1-2021.

"2039ರ ಸಂಕ್ರಾಂತಿ ಹಿಂದಿನ ದಿನ ಈ ಕೂಸಿಗೆ ಹದಿನೆಂಟು ತುಂಬುತ್ತೆ," ಎನ್ನುತ್ತಾರೆ ಮೇಷ್ಟ್ರು. "ಆಗ ನಾನಿರ್ತೀನೋ ಇಲ್ವೋ, ಶಾಲೆ ಇರುತ್ತೋ ಇಲ್ವೋ. ಅವತ್ತು ಯಾರಾದ್ರೂ ಪುಸ್ತಕ ತೆಗೆದು ನೋಡಿದ್ರೆ, ಅವಳು ಹೇಳೋದೂ ಪುಸ್ತಕ ಹೇಳೋದೂ ಒಂದೇ ಆಗಿರ್ಬೇಕು. ನನ್ನನ್ನ ಫೋನ್ ಮಾಡಿ ಕೇಳೋ ಹಂಗೇ ಇರ್ಬಾರ್ದು."